ಯಾವ ಸೀರೆ ಎಂದು ಕೇಳದ ಕರೆಂಟು

ಇಂಟರ್ನೆಟ್ ಎಲ್ಲರಿಗೂ ಒಂದೇ ತರಹ ಸಿಗಬೇಕು, ಕಂಪನಿಯವರು ಒಂದಕ್ಕೆ ದಾರಿ ಬಿಟ್ಟು ಇನ್ನೊಂದನ್ನು ತಡೆಯಬಾರದು ಎಂಬ ವಾದ ಟಿವಿಯಲ್ಲಿ ಜೋರಾಗಿದ್ದ ಕಾಲದಲ್ಲಿ ಬನಹಟ್ಟಿಯ ನನ್ನ ಅಂಗಡಿಗೆ ಬಂದವರೆಲ್ಲ ನನ್ನನ್ನೇ ಕೇಳುತ್ತಿದ್ದರು. ಏನಿದು ನೆಟ್ ನ್ಯೂಟ್ರಾಲಿಟಿ ಅಂತ. ಅವರ ಮನೆಗಳಿಗೆ ನೆಟ್ ಕೊಟ್ಟವನು ನಾನೇ ಅಲ್ಲವೇ. ನಾನು ಟಿವಿಯ ದನಿ ಕಡಿಮೆ ಮಾಡಿ ಬೇರೆ ಮಾತು ತೆಗೆಯುತ್ತಿದ್ದೆ. ಅದರ ಅರ್ಥವನ್ನು ಅದಕ್ಕೂ ಮೊದಲೇ ಒಬ್ಬ ಹೆಣ್ಣುಮಗಳು ತನ್ನ ಮನೆಯ ಒಳಕೋಣೆಯಲ್ಲಿ ನನಗೆ ಹೇಳಿದ್ದಳು.

ಐದನೆಯ ಇಯತ್ತೆಗೆ ಸಾಲೆ ಬಿಟ್ಟವನು ನಾನು. ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಿದೆ, ಮಗ್ಗ ನಡೆಸಿದೆ, ಆಮೇಲೆ ಕೇಬಲ್ ಟಿವಿಯ ವೈರು ಎಳೆದೆ. ಕಡೆಗೆ ದೊಡ್ಡ ಕಂಪನಿಯೊಂದರಿಂದ ಲೈನು ತೆಗೆದುಕೊಂಡು ಮನೆಮನೆಗೆ ಇಂಟರ್ನೆಟ್ ಹಂಚಿದೆ. ಯಾವ ಮಾಳಿಗೆಯ ಮೇಲೆ ವೈರಿನ ಯಾವ ಜೋಡಣೆ ಇದೆ ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದೆ. ಸಾಲೆ ಕಲಿತಿಲ್ಲ ಇವನು ಎಂದು ಯಾರಾದರೂ ಅಂದರೆ ಅವರ ಮನೆಯ ಮೆಟ್ಟಿಲು ಮತ್ತೆ ಹತ್ತುತ್ತಿರಲಿಲ್ಲ.

ಆ ಹೆಣ್ಣುಮಗಳು ನಮ್ಮ ಓಣಿಯ ನೇಕಾರರ ಮನೆಯ ಸೊಸೆ. ಸೀರೆಯ ಅಂಚು, ಸೆರಗುಗಳ ಡಿಸೈನನ್ನು ಕಂಪ್ಯೂಟರಿನಲ್ಲಿ ಬಿಡಿಸುತ್ತಿದ್ದಳು. ಅದರಂತೆ ರಟ್ಟಿಗೆ ತೂತು ಹೊಡೆದು ಮಗ್ಗಕ್ಕೆ ಏರಿಸುತ್ತಿದ್ದರು. ಸೊಸೆ ಬಾಗಿಲು ಹಾಕಿಕೊಂಡು ಪರದೆಯ ಮುಂದೆ ಕೂರುವುದು ಮಾವನವರಿಗೆ ಅಷ್ಟಕ್ಕಷ್ಟೇ. ಅವರನ್ನು ಹೇಗೋ ಒಪ್ಪಿಸಿದ್ದಳು.

ಒಮ್ಮೆ ಅವಳ ಲೈನು ತೆವಳತೊಡಗಿತು. ಸೋಲಾಪುರದ ವ್ಯಾಪಾರಿಗೆ ಕಳಿಸಬೇಕಾದ ಫೈಲುಗಳು ಹೋಗುತ್ತಿಲ್ಲ ಎಂದಳು. ಬಟ್ಟೆ ಕೆಟ್ಟರೆ ಹರಿದ ಎಳೆ ಹುಡುಕುವುದು ಮಗ್ಗದವರ ಕೈಗೆ ಅಂಟಿದ ರೂಢಿ. ನಾನೂ ಅದನ್ನೇ ಮಾಡಿದೆ. ಮಾಳಿಗೆಯಿಂದ ಮಾಳಿಗೆಗೆ ದಾಟಿ ಜೋಡಣೆಗಳನ್ನೆಲ್ಲ ಕತ್ತರಿಸಿ ಹೊಸದಾಗಿ ಹಾಕಿದೆ. ಎಲ್ಲೂ ಎಳೆ ಹರಿದಿರಲಿಲ್ಲ. ಸಿಟ್ಟಿನಿಂದ ಮಾಳಿಗೆಯ ಮೇಲಿಂದಲೇ ಕಂಪನಿಗೆ ಫೋನು ಮಾಡಿದೆ. ಆ ಮನೆಯಲ್ಲಿ ಫೈಲು ಹಂಚಿಕೊಳ್ಳುವ ಪ್ರೋಗ್ರಾಮ್ ಓಡುತ್ತಿದೆ, ಕದ್ದು ಸಿನಿಮಾ ಇಳಿಸುವವರು ಬಳಸುವಂಥದ್ದು, ಅದರ ವೇಗವನ್ನು ನಾವೇ ಇಲ್ಲಿಂದ ಬಿಗಿ ಮಾಡಿದ್ದೇವೆ ಎಂದರು.

ತಪ್ಪು ನನ್ನ ವೈರಿನದಲ್ಲವಲ್ಲ ಎಂಬ ಖುಷಿಯಲ್ಲಿ ಇಳಿದು ಬಂದೆ. ಮಾವನವರು ಓಣಿಯ ಮಂದಿಯ ಜೊತೆ ಕಟ್ಟೆಯ ಮೇಲೆ ಕುಳಿತಿದ್ದರು. ಎಲ್ಲರಿಗೂ ಕೇಳುವಂತೆ ಹೇಳಿದೆ.

"ನನ್ನ ಲೈನ್ ಛಲೋನ ಐತ್ರಿ ಕಾಕಾ. ನಿಮ್ಮ ಮನ್ಯಾಗ ಯಾರೋ ಸಿನಿಮಾ ಇಳಸಾಕತ್ತಾರ. ಎಂಥಾ ಸಿನಿಮಾನೋ, ನನಗೇನ ಗೊತ್ತು."

ಕಡೆಯ ಮಾತು ಬೇಕಿರಲಿಲ್ಲ. ಕಟ್ಟೆಯವರು ನಕ್ಕರು. ಮಾವನವರು ನಗಲಿಲ್ಲ.

ಮರುದಿನ ಲೈನು ಬಿಚ್ಚಿಕೊಂಡು ಹೋಗು ಎಂದು ಅವರಿಂದ ಕರೆ ಬಂತು. ಹೋದರೆ ಕಂಪ್ಯೂಟರಿನ ಮೇಲೆ ಹಳೆಯ ಧೋತರ ಹೊದಿಸಿತ್ತು. ವೈರಿಗೆ ಕೈ ಹಾಕುವಷ್ಟರಲ್ಲಿ ಸೊಸೆ ಬಂದು, ಬಿಚ್ಚುವ ಮೊದಲು ನಾನು ಇಳಿಸುವ ಸಿನಿಮಾ ಯಾವುದು ನೋಡಿ ಹೋಗಿರಿ ಎಂದು ಧೋತರ ಸರಿಸಿದಳು. ಪರದೆಯ ತುಂಬ ಸೀರೆಯ ಅಂಚುಗಳು. ಮುದುಕಿಯರ ಟ್ರಂಕುಗಳಿಂದ ಬೇಡಿ ತಂದು, ಒಂದೊಂದು ಎಳೆಯೂ ಕಾಣುವಂತೆ ಸ್ಕ್ಯಾನ್ ಮಾಡಿದ ಹಳೆಯ ಸೀರೆಗಳು. ಇಮೇಲಿನಲ್ಲಿ ಹಿಡಿಸದಷ್ಟು ದೊಡ್ಡ ಫೈಲುಗಳನ್ನು ಆ ಪ್ರೋಗ್ರಾಮಿನಲ್ಲಿ ತುಣುಕು ತುಣುಕಾಗಿ ಕಳಿಸುತ್ತಿದ್ದಳು. ಅವು ಮುಟ್ಟದಿದ್ದರೆ ವ್ಯಾಪಾರಿ ಬೇರೆಯವರನ್ನು ಹುಡುಕಿಕೊಳ್ಳುವವನಿದ್ದ. ಈಗ ಲೈನೇ ಹೋದರೆ ಅವಳ ಕೆಲಸವೇ ಮುಗಿದಂತೆ.

ಅವಳು ದನಿ ಏರಿಸಲಿಲ್ಲ. "ಮಗ್ಗಕ್ಕ ಕರೆಂಟ್ ಕೊಡಾವ್ರು ಯಾವ ಸೀರಿ ನೇಯ್ತೀರಿ ಅಂತ ಕೇಳತಾರೇನ್ರಿ ಅಣ್ಣಾರ? ಕೇಳೂದ ಇದ್ರ ನನ್ನ ಕೇಳಬೇಕಿತ್ತು. ಕಟ್ಟಿ ಮ್ಯಾಗ ಅಲ್ಲ."

ನನಗೆ ಅವಳ ಮುಖ ನೋಡಲಾಗಲಿಲ್ಲ. ವೈರು ಕತ್ತರಿಸುವ ಪಕ್ಕಡ ಕೈಯಲ್ಲಿ ಹಿಡಿದುಕೊಂಡೇ ಹೊರಗೆ ಬಂದೆ. ಕಟ್ಟೆಯ ಮೇಲೆ ಮಾವನವರೂ ಹಿಂದಿನ ದಿನದ ಮಂದಿಯೂ ಇದ್ದರು. ಎಲ್ಲರಿಗೂ ಕೇಳುವಂತೆ ಹೇಳಿದೆ, ಸಿನಿಮಾ ಅಲ್ಲ, ಸೀರೆಯ ಅಂಚುಗಳು. ಆಕೆ ಏನು ಕಳಿಸುತ್ತಾಳೆಂದು ಕಂಪನಿಯವರು ನೋಡದೆ ಬಿಗಿ ಮಾಡಿದರು, ನಾನೂ ನೋಡದೆ ಮಾತಾಡಿದೆ ಎಂದೆ. ಮಾವನವರು ಎದ್ದು ಒಳಗೆ ಹೋದರು. ಕನ್ನಡಕ ಏರಿಸಿ ಒಂದೊಂದೇ ಅಂಚು ನೋಡುತ್ತ, ಇದು ಇಂಥವರ ಮಗ್ಗದ್ದು ಎಂದು ಸೊಸೆಗೆ ಹೇಳುವುದು ನನಗೆ ಹೊರಗೆ ಕೇಳಿಸಿತು. ಆಮೇಲೆ ಹೊರಗೆ ಬಂದು ನನ್ನ ಭುಜ ತಟ್ಟಿದರು.

"ಹೋಗಲಿ ಬಿಡೋ ತಮ್ಮಾ. ಸಾಲಿ ಕಲತಾಂವೇನಲ್ಲ ನೀನು, ನಿನಗ ಹ್ಯಾಂಗ ತಿಳೀಬೇಕು. ಲೈನ್ ಇರಲಿ."

ಕಟ್ಟೆಯವರು ಹೌದೆಂದು ತಲೆಯಾಡಿಸಿದರು. ಹೌದ್ರಿ ಎಂದು ನಾನೂ ಅಂದೆ. ಅವರು ಕೊಟ್ಟ ಚಹಾ ಕುಡಿದೆ. 'ಎಂಥಾ ಸಿನಿಮಾನೋ' ಎಂದು ಒಬ್ಬ ಹೆಣ್ಣುಮಗಳ ಬಗ್ಗೆ ಅನ್ನಬಾರದೆಂದು ತಿಳಿಯಲು ಸಾಲೆ ಬೇಕಿರಲಿಲ್ಲ. ಸಾಲೆ ಕಲಿತಿಲ್ಲ ಎಂಬ, ಜೀವಮಾನವೆಲ್ಲ ಯಾರ ಬಾಯಿಂದಲೂ ಸಹಿಸದ ಮಾತಿನ ಹಿಂದೆ ಅವತ್ತು ನಾನೇ ಅಡಗಿ ಕುಳಿತೆ.

ಕಂಪನಿಯವರು ಬಿಗಿ ಸಡಿಲಿಸಲಿಲ್ಲ. ಅವಳು ಆ ಅಂಚುಗಳನ್ನೆಲ್ಲ ಹಾರ್ಡ್ ಡಿಸ್ಕಿನಲ್ಲಿ ತುಂಬಿ, ಹಳೆಯ ಸೀರೆಯೊಂದರಲ್ಲಿ ಸುತ್ತಿ ಗಂಟು ಕಟ್ಟಿಕೊಟ್ಟಳು. ಸೋಲಾಪುರದ ವ್ಯಾಪಾರಿಗೆ ಮುಟ್ಟಿಸಲು ನಾನೇ ಬಸ್ ಸ್ಟ್ಯಾಂಡಿಗೆ ಒಯ್ದೆ. ಕಂಡಕ್ಟರ್ ಗಂಟನ್ನು ಸೀಟಿನ ಕೆಳಗೆ ತಳ್ಳಿ, ಎಲ್ಲಿಗೆ ಎಂದಷ್ಟೇ ಕೇಳಿದ.