ನನ್ನ ಹೆಂಡತಿಯ ಹೆಸರು ಕಲಾ

“ಇವರು ನನ್ನ ಹೆಂಡತಿ, ಕಲಾ” ಎಂದು ಪರಿಚಯಿಸಿದ್ದೇ ತಡ, ಬರ್ಮಾದ ಮುಖಂಡರು ಸಮೋಸವನ್ನು ಕೈಯಲ್ಲೇ ಹಿಡಿದು ನಿಂತುಬಿಟ್ಟರು. ನಮ್ಮನ್ನು ಕರೆತಂದಿದ್ದ ರೋಹಿಂಗ್ಯಾ ಗೆಳೆಯ ಯೂಸುಫ್ ಹೊಟ್ಟೆ ಹಿಡಿದುಕೊಂಡು ನಕ್ಕ.

ಕಂಪ್ಯೂಟರ್ ಕೆಲಸದವರಿಗೆಂದು ಜರ್ಮನಿ ಆಗ ಕೊಡುತ್ತಿದ್ದ ಗ್ರೀನ್ ಕಾರ್ಡ್ ಮೇಲೆ ನಾನು ಡ್ರೆಸ್ಡೆನ್‌ಗೆ ಬಂದ ಹೊಸತು. ಅಲ್ಲಿನ ಬರ್ಮಾದವರ ಸಭೆಯಲ್ಲಿ ಈ ಮುಖಂಡರು, ದೇಶಭ್ರಷ್ಟರಾದವರು ಹೊರಗೆ ಕಟ್ಟಿಕೊಂಡಿದ್ದ ಸರ್ಕಾರದ ಪರವಾಗಿ, “ನಾಳಿನ ಬರ್ಮಾ ಎಲ್ಲರದು” ಎಂದು ಆಗಷ್ಟೇ ಭಾಷಣ ಮುಗಿಸಿದ್ದರು. “ರೋಹಿಂಗ್ಯಾಗಳಿಗೂ ಪೌರತ್ವ ಸಿಗುತ್ತಾ?” ಎಂದು ಯೂಸುಫ್ ಕೇಳಿದ್ದಕ್ಕೆ ಮಾತ್ರ, “ಅದನ್ನ ಊರಿಗೆ ಹೋದ್ಮೇಲೆ ನೋಡೋಣ” ಎಂದಿದ್ದರು.

ನಗು ನಿಂತ ಮೇಲೆ ಯೂಸುಫ್ ಬಿಡಿಸಿ ಹೇಳಿದ. ಬರ್ಮಾದಲ್ಲಿ ‘ಕಲಾ’ ಎಂದರೆ ಭಾರತದ ಕಡೆಯಿಂದ ಬಂದ ಹೊರಗಿನವರಂತೆ. ತಲೆಮಾರುಗಳಿಂದ ಅಲ್ಲೇ ಇರುವ ಅವನ ಜನರನ್ನು ಹೀಯಾಳಿಸುವುದೂ ಅದೇ ಪದದಿಂದ.

ನನ್ನವಳು ಮುಖಂಡರತ್ತ ತಿರುಗಿ, ಯೂಸುಫ್‌ನನ್ನು ತೋರಿಸಿ, ಇಂಗ್ಲಿಷಿನಲ್ಲೇ ಕೇಳಿದಳು: “ಸಾರ್, ನಂಗೆ ಈ ಹೆಸರಿಟ್ಟಿದ್ದು ನಮ್ಮಜ್ಜಿ. ಇವರಿಗೆ ಇಟ್ಟಿದ್ಯಾರು?”

ಅವರು ಸಮೋಸವನ್ನು ಇಡಿಯಾಗಿ ಬಾಯಿಗೆ ತುರುಕಿಕೊಂಡರು.

ಯೂಸುಫ್ ಈಗಲೂ ಫೋನ್ ಮಾಡಿದರೆ “ನಾನು ಇನ್ನೊಬ್ಬ ಕಲಾ” ಎನ್ನುತ್ತಾನೆ. ನಾವು ನಗುತ್ತೇವೆ. ಆದರೆ ಬೀದಿಯಲ್ಲಿ ಹೆಂಡತಿಯನ್ನು ಹೆಸರು ಹಿಡಿದು ಕೂಗುವ ಮುಂಚೆ ನಾನು ಒಮ್ಮೆ ಅಕ್ಕಪಕ್ಕ ನೋಡುತ್ತೇನೆ.