ಎತ್ತುಗಳ ಸೂಟಿಯ ದಿನ

ದಾಕ್ಷಾಯಿಣಿ ಹುಕ್ಕೇರಿಯ ಪೇಟೆಯಲ್ಲಿ, ಅಪ್ಪನ ಕಿರಾಣಿ ಅಂಗಡಿಯ ಮುಂದೆ ಬೆಳೆದವಳು. ಮದುವೆಯಾಗಿ ಮೂಡಲಗಿ ಕಡೆಯ ಈ ಕಬ್ಬಿನ ಊರಿಗೆ ಬಂದ ಮೇಲೆ ಅವಳು ತನ್ನದು ಎಂದುಕೊಂಡದ್ದು ಒಂದೇ ಒಂದು, ಅವಳೇ ನೋಡಿಕೊಳ್ಳುತ್ತಿದ್ದ ಪಂಚಾಯಿತಿಯ ಗ್ರಂಥಾಲಯ. ಹಳೆಯ ಚಾವಡಿಯ ಒಂದು ಕೋಣೆ, ಎರಡು ಕಬ್ಬಿಣದ ಕಪಾಟು, ಬಾಗಿಲ ಮುಂದೆ ಬೇವಿನ ಮರ. ಪುಟ್ಟ ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಅಲ್ಲಿ ಕಸ ಹೊಡೆಯುತ್ತಿದ್ದಳು, ಪೇಪರು ಜೋಡಿಸುತ್ತಿದ್ದಳು.

ಚಳಿಗಾಲ ಮುಗಿಯುವ ಹೊತ್ತಿಗೆ ಪಂಚಾಯಿತಿ ಮೆಂಬರು ಗುರುಪಾದ ಕಾಕಾ ಬಂದು ಹೊಸ್ತಿಲಲ್ಲಿ ನಿಂತರು.

"ನೋಡವಾ, ಹಾಲಿನ ಡೇರಿಗೆ ಜಾಗಾ ಇಲ್ಲ. ಮಂದಿ ಕ್ಯಾನ್ ಹಿಡಕೊಂಡ ಬಿಸಿಲಾಗ ನಿಲ್ಲಾಕತ್ತಾರ. ನಿನ್ನ ಕೋಣ್ಯಾಗ ಯಾರ ಅದಾರ? ಒಬ್ಬ ಲಕ್ಕಪ್ಪ ಮುತ್ಯಾ."

"ಅವರು ಓದಾಕ ಬರ್ತಾರ್ರಿ, ಕಾಕಾ."

"ಓದಾಕ ಬರ್ತಾನೋ, ಫ್ಯಾನಿನ ಕೆಳಗ ಮಕ್ಕೊಳ್ಳಾಕ ಬರ್ತಾನೋ, ಊರಿಗೇ ಗೊತ್ತೈತಿ. ಯುಗಾದಿ ತನಕ ನೋಡ್ತೀನಿ. ಹುಡುಗರಷ್ಟ ಅಲ್ಲ, ಮನಿ ಹೆಣ್ಮಕ್ಕಳೂ ಬರಬೇಕು. ಬಂದ್ರ ಕೋಣಿ ನಿಂದು. ಇಲ್ಲಂದ್ರ ಕೀಲಿ ಕೊಟ್ಟಬಿಡು."

ಮಂದಿಯನ್ನು ಸೇರಿಸುವ ಖರ್ಚಿಗೆ ಪಂಚಾಯಿತಿಯಿಂದ ಏನೂ ಸಿಗುವುದಿಲ್ಲ ಎಂಬುದು ಕೇಳದೆಯೇ ಗೊತ್ತಿತ್ತು. ಅವಳು ಗೊಬ್ಬರದ ಖಾಲಿ ಚೀಲಗಳನ್ನು ತೊಳೆದು, ಸೇರಿಸಿ ಹೊಲಿದು ಹಾಸು ಮಾಡಿದಳು. ಬಸ್ಸು ಹಿಡಿದು ಗೋಕಾಕಕ್ಕೆ ಹೋಗಿ, ಕಟ್ಟಿಗೆಯ ಗೊಂಬೆ ಮಾಡುವ ಲಕ್ಷ್ಮಣನ ಹತ್ತಿರ ಕೆಟ್ಟ ಗೊಂಬೆಗಳನ್ನು ಕೇಳಿದಳು. ಕೊಕ್ಕು ಮುರಿದ ಗಿಳಿ, ಬಣ್ಣ ಸರಿಯಾಗಿ ಹಿಡಿಯದ ಸೀತಾಫಲ, ಮೂರೇ ಕಾಲಿನ ಆನೆ.

"ಮಾರಾಕ ಬರೂದಿಲ್ರಿ ಅಕ್ಕಾರ," ಎಂದು ಲಕ್ಷ್ಮಣ ನಕ್ಕ. "ಕತಿ ಹೇಳಾಕ ಕುಂಟ ಆನಿನೂ ಸಾಕಲ್ಲ, ಒಯ್ರಿ."

ಯೋಚನೆ ಸರಳವಾಗಿತ್ತು. ಮಗು ಒಂದು ಗೊಂಬೆ ಆರಿಸಬೇಕು, ಅದರ ಮೇಲೆ ಅವರವ್ವನೋ ಅಜ್ಜಿಯೋ ಮನೆಯ ಕತೆ ಹೇಳಬೇಕು, ಹೋಗುವಾಗ ಮನೆಗೊಂದು ಪುಸ್ತಕ ಒಯ್ಯಬೇಕು. ಯಾವಾಗ ಎಂಬುದಕ್ಕೂ ಅವಳು ತಡಕಾಡಲಿಲ್ಲ. ಸೋಮವಾರ ಬಸವಣ್ಣನ ವಾರ, ಊರಲ್ಲಿ ಯಾರೂ ಎತ್ತು ಹೂಡುವುದಿಲ್ಲ. ಹೊಲದ ಕೆಲಸ ನಿಂತ ದಿನ ಮನೆಮಂದಿಗೆಲ್ಲ ಬಿಡುವು ಅಂದುಕೊಂಡಳು. ಸೋಮವಾರ ಸಂಜೆ, ಸಾಲಿ ಬಿಟ್ಟ ಮೇಲೆ ಎಂದು ಮನೆಮನೆಗೂ ಹೇಳಿಬಂದಳು.

ಮೊದಲ ಸೋಮವಾರ ಹಾಸಿನ ತುಂಬ ಮಕ್ಕಳು ಕೂತರು. ತಾಯಂದಿರು ಒಬ್ಬರೂ ಇಲ್ಲ. ಇರಲಿ ಎಂದು ಅವಳೇ ಗಿಳಿಯ ಕತೆ ಶುರುಮಾಡಿದಳು. ಗಿಳಿ ಇನ್ನೂ ಗೂಡು ಬಿಟ್ಟಿರಲಿಲ್ಲ, ಓಣಿಯಿಂದ ಕೂಗು ಬಂತು: "ಏ ಹುಡುಗಿ, ಕೊಡ ತಗೊಂಬಾ! ಎತ್ತಿಗೆ ನೀರಿಲ್ಲ!" ಒಬ್ಬಳು ಎದ್ದಳು. ಬೆನ್ನಿಗೇ ಇನ್ನೊಂದು ಕೂಗು, ಇನ್ನೊಬ್ಬಳು. ಹೆಣ್ಣುಮಕ್ಕಳು ಹೋದ ಮೇಲೆ ಗಂಡುಹುಡುಗರು ಆಟಕ್ಕೆ ಓಡಿದರು. ಕತೆ ಮುಗಿದಾಗ ಕೇಳುತ್ತಿದ್ದವಳು ಅವಳ ಮಗಳು ಮಾತ್ರ. ಲಕ್ಕಪ್ಪ ಮುತ್ಯಾ ಗೊರಕೆ ಹೊಡೆಯುತ್ತಿದ್ದ.

ಮುಂದಿನ ಸೋಮವಾರವೂ ಅಷ್ಟೇ. ಅವಳು ಕೋಣೆಗೆ ಕೀಲಿ ಹಾಕಿ, ಬಾಜೂ ಮನೆಯ ಶಿವಗಂಗವ್ವನನ್ನು ಕರೆಯಲು ಹೋದಳು. ಶಿವಗಂಗವ್ವ ಸೀರೆ ಮೇಲೆ ಕಟ್ಟಿ ಎತ್ತಿನ ಮೈ ತಿಕ್ಕುತ್ತಿದ್ದಳು.

"ಸೋಮಾರ ಸೂಟಿ ಅಲ್ಲೇನ್ರಿ ಅಕ್ಕಾ?"

"ಸೂಟಿ ಎತ್ತಿಗವಾ! ನಮಗ ಯಾವ ದ್ಯಾವರು ಸೂಟಿ ಕೊಟ್ಟಾನ? ಗಂಡಸರು ಮನ್ಯಾಗ ಕುಂತಿರ್ತಾರ, ಗಳಿಗ್ಗೊಮ್ಮೆ ಚಾ. ಎತ್ತಿನ ಮೈ ತೊಳಿ, ಕೊಟ್ಟಿಗಿ ಬಳಿ, ಹೋಳಗಿ ಮಾಡು. ಸೋಮಾರ ಬಂದ್ರ ನನ್ನ ನಡಾ ಮುರೀತೈತಿ."

"ಹಂಗಾರ ಐತವಾರ ಇಡ್ಲಿ?"

"ಅವತ್ತ ಅರಬಿ ಒಗಿಯೂದು."

"ಉಳಿದ ವಾರ?"

"ಹೊಲದಾಗ ಕಳಿ ತಗ್ಯಾಕ ನೀ ಹೋಗ್ತೀಯೇನ ಪುಸ್ತಕದ ಬಾಯಾರ, ನನ್ನ ಬದ್ಲಿ?" ಶಿವಗಂಗವ್ವ ನಕ್ಕಳು. ಕುಹಕವಿರಲಿಲ್ಲ ಅದರಲ್ಲಿ, ಅದಕ್ಕೇ ದಾಕ್ಷಾಯಿಣಿಗೆ ಹೆಚ್ಚು ನೋವಾಯಿತು.

ಮನೆಗೆ ಬಂದರೆ ಹಿತ್ತಲಲ್ಲಿ ಅತ್ತೆ ಒಂದು ಕೈ ಸೊಂಟದ ಮೇಲಿಟ್ಟು, ಇನ್ನೊಂದರಿಂದ ಎತ್ತಿಗೆ ನೀರು ಸುರಿಯುತ್ತಿದ್ದಳು. ಈ ಮನೆಯಲ್ಲೂ ಸೋಮವಾರ ಇತ್ತು. ಸೊಸೆ ಗ್ರಂಥಾಲಯದಲ್ಲಿ ಕೂತಿರಲೆಂದು ಅತ್ತೆ ಅದನ್ನು ಒಬ್ಬಳೇ ಹೊತ್ತಿದ್ದಳು, ಅದಕ್ಕೇ ಸೊಸೆಗೆ ಕಂಡಿರಲಿಲ್ಲ. ತಪ್ಪಿದ್ದು ವಾರವಾಗಿದ್ದರೆ ಬದಲಿಸಬಹುದಿತ್ತು. ಬದಲಿಸಲು ಹೆಂಗಸರಿಗೆ ಬಿಡುವಿರುವ ಇನ್ನೊಂದು ವಾರವೇ ಇರಲಿಲ್ಲ.

ಯುಗಾದಿಗೆ ಅವಳು ಕೀಲಿ ಕೊಟ್ಟಳು. ಕಪಾಟುಗಳು ಪಂಚಾಯಿತಿಯ ಜಗಲಿಗೆ ಹೋದವು. ಹೊತ್ತವರು ಅವನ್ನು ಬಾಗಿಲು ಗೋಡೆಯ ಕಡೆ ಮಾಡಿ ಇಟ್ಟರು, ಸರಿಸಲು ಮತ್ತೆ ಯಾರೂ ಬರಲಿಲ್ಲ. ಅವಳಿಗೆ ಉಳಿದದ್ದು ಜಗಲಿಯ ಮೇಲೆ ಪೇಪರು ಹಾಕುವ ಕೆಲಸ.

ಈಗ ಆ ಕೋಣೆಯ ಮುಂದೆ ದಿನಾ ಸಂಜೆ ಹೆಂಗಸರು ಕ್ಯಾನ್ ಹಿಡಿದು ಸಾಲಾಗಿ ನಿಲ್ಲುತ್ತಾರೆ. ಒಮ್ಮೆ ಅವಳು ಗಿಳಿಯನ್ನು ಸೆರಗಿನಲ್ಲಿಟ್ಟುಕೊಂಡು ಅಲ್ಲಿಗೂ ಹೋದಳು, ಕತೆ ತೆಗೆದಳು. "ತಡಿಯವಾ, ನನ್ನ ಪಾಳಿ ಬಂತು," ಎಂದು ಒಬ್ಬೊಬ್ಬರೇ ಒಳಗೆ ಹೋದರು. ಹಾಲು ಅಳೆಸಿದವರು ಒಲೆಯ ನೆನಪಿನಲ್ಲಿ ಮನೆಗೆ ಓಡಿದರು.

ಮುಂದಿನ ಸೋಮವಾರ ಅವಳು ಹಿತ್ತಲಿಗೆ ಬಂದಾಗ ಅತ್ತೆ ತಲೆ ಎತ್ತಿ ನೋಡಿದಳು.

"ಇನ್ನ ಸೋಮಾರ ಮನ್ಯಾಗ ಇರ್ತಿ ಅಲ್ಲವಾ?"

"ಇರ್ತೇನ್ರಿ ಅತ್ತಿ."

"ಹಂಗಾರ ಬಾ, ಹಗ್ಗಾ ಹಿಡಿ."

ಅವಳು ಹಿಡಿದಳು. ಮಗಳು ಕುಂಟ ಆನೆಯನ್ನು ತಂದು ಎತ್ತಿನ ಪಕ್ಕ ಗೋಡೆಗೆ ಒರಗಿಸಿ, ಅದರ ಮೈಗೂ ಒಂದು ತಂಬಿಗೆ ನೀರು ಸುರಿದಳು. ಬಣ್ಣ ಬಿಟ್ಟು ಹರಿಯಿತು.