ಶರಾವತಿಯನ್ನು ಎರಡು ಸಲ ದಾಟಿದ್ದು

ಬೆಳಿಗ್ಗೆ ಒಂಬತ್ತೂ ಇಪ್ಪತ್ತಕ್ಕೆ ದೋಣಿ ವಾಲಿತು. ಆಚೆ ದಡದಿಂದ ಭಟ್ಕಳದ ಬಸ್ಸು ಒಂಬತ್ತೂವರೆಗೆ. ತಪ್ಪೀತೇನೋ ಎಂದು ಆಗಷ್ಟೇ ಗಡಿಯಾರ ನೋಡಿಕೊಂಡಿದ್ದೆ.

ಜೊತೆಗಿದ್ದ ಜುಮಾ ಧಾರವಾಡದ ಹಾಸ್ಟೆಲಿನಲ್ಲಿ ನನ್ನ ಕೋಣೆಯವನು, ಟಾಂಜಾನಿಯಾದ ಮೀನುಗಾರರ ಮಗ. ನಮ್ಮ ಸರ್ಕಾರದ ವಿದ್ಯಾರ್ಥಿವೇತನದ ಮೇಲೆ ಸಹಕಾರ ವಿಷಯ ಓದುತ್ತಿದ್ದ. ಊರಿಗೆ ಮರಳಿ ಮೀನುಗಾರರ ಸಂಘ ಕಟ್ಟುವುದು ಅವನ ಆಸೆ. ಅಂಥದೊಂದು ಸಂಘ ನೋಡಲು ಭಟ್ಕಳಕ್ಕೆ ಹೊರಟಿದ್ದೆವು. ಕುಮಟೆಯ ಲಾಡ್ಜಿನಲ್ಲಿ ರಾತ್ರಿ ಉಳಿದು, ಬೆಳಿಗ್ಗೆ ಅವಲಕ್ಕಿ ತಿಂದು, ಮೊದಲ ಬಸ್ಸಿಗೆ ಹೊನ್ನಾವರ ಸೇರಿದೆವು. ಶರಾವತಿಗೆ ಆಗ ಸೇತುವೆ ಇರಲಿಲ್ಲ. ದೋಣಿಗೆ ನಾಲ್ಕಾಣೆ.

ದೋಣಿಯಲ್ಲಿದ್ದ ಮೀನು ಮಾರುವ ನಾಗಮ್ಮ, ನಾನು ಅವನ ವಿಷಯ ಹೇಳಿದ್ದು ಕೇಳಿ, ಅವನನ್ನು ಕೆಣಕಿದಳು. "ಇವ್ಗೆ ಓದೂಕೆ ನಮ್ಮ ಸರ್ಕಾರ ದುಡ್ಡು ಕೊಡ್ತದ್ಯಾ? ಓದಿ ಎಂತ ಮಾಡೂದು ತಮ್ಮಾ?"

"ಕಲಿತು ಊರಿಗೆ ಒಯ್ಯಾಕ ಬಂದೀನ್ರೀ ಅವ್ವಾರ" ಎಂದ. ಆಫ್ರಿಕಾದವನ ಬಾಯಲ್ಲಿ ಧಾರವಾಡದ ಮಾತು ಕೇಳಿ ದೋಣಿಯೇ ನಕ್ಕಿತು.

ನಡುಹೊಳೆಯಲ್ಲಿ ದಂಡೆಯ ದೇವಿಗುಡಿ ಕಂಡಿತು. ಗುಡಿ ಕಂಡೊಡನೆ ಎದ್ದು, ಆ ಕಡೆ ತಿರುಗಿ ಕೈಮುಗಿಯುವುದು ಅಲ್ಲಿನ ರೂಢಿ. ಎಲ್ಲರೂ ಒಂದೇ ಬದಿಗೆ ಎದ್ದರು. ಅದೇ ಹೊತ್ತಿಗೆ ಕಡಲಿನಿಂದ ದೊಡ್ಡ ಅಲೆ ನುಗ್ಗಿತು. ದೋಣಿ ವಾಲಿ, ನಾಗಮ್ಮ ಬುಟ್ಟಿ ಸಮೇತ ನೀರಿಗೆ ಬಿದ್ದಳು. ಹಿಂದೆಯೇ ಜುಮಾ ಹಾರಿದ. ಇಳಿತದ ಸೆಳೆತ ಇಬ್ಬರನ್ನೂ ಕಡಲ ಕಡೆ ಎಳೆಯಿತು. ಒಮ್ಮೆ ಅವನ ಕೈ ಕಂಡಿತು, ಆಮೇಲೆ ಅದೂ ಇಲ್ಲ. ಆ ಬರಿನೀರನ್ನು ಈಗಲೂ ನೋಡುತ್ತಲೇ ಇದ್ದೇನೆ. ಕೊನೆಗೆ ಹೊಳೆಬಾಯಿಯಲ್ಲಿ ಬಲೆ ದೋಣಿಯವರು ಇಬ್ಬರನ್ನೂ ಎತ್ತಿಕೊಂಡರು.

ಭಟ್ಕಳಕ್ಕೇನೋ ಹೋದೆವು. ಸಂಘದವರು ಕರೆದು ಗಂಜಿ, ಮೀನಿನ ಸಾರು ಬಡಿಸಿದರು. ಜುಮಾ ಏನನ್ನೂ ಕೇಳಲಿಲ್ಲ, ನೋಡಲಿಲ್ಲ. ರಾತ್ರಿಯೆಲ್ಲ ಇಬ್ಬರೂ ಗೋಡೆಗೊರಗಿ ಕೂತಿದ್ದೆವು. ಇವತ್ತು ಸತ್ತಿದ್ದರೆ ಊರಿಗೆ ಏನು ಒಯ್ಯುತ್ತಿದ್ದೆ, ಓದು ಸಾಕು, ವೇತನ ಬಿಟ್ಟು ಊರಿಗೆ ಹೋಗುತ್ತೇನೆ ಎಂದ.

ಮರುದಿನ, ಶನಿವಾರ, ಹಿಂತಿರುಗುವಾಗ ಮತ್ತೆ ಅದೇ ಹೊಳೆ. ಜುಮಾ ದಡದಲ್ಲೇ ನಿಂತುಬಿಟ್ಟ. ದೋಣಿಯಲ್ಲಿ ನಾಗಮ್ಮ ಆಗಲೇ ಕೂತಿದ್ದಳು.

"ಬಾ ತಮ್ಮಾ. ನಾ ದಿನಾ ದಾಟೂದೇ ಅಲ್ವಾ?"

ಅವನು ದೋಣಿ ನಡೆಸುವ ತಂಡೇಲನತ್ತ ತಿರುಗಿದ. "ಕೂತು ಕೈ ಮುಗಿದ್ರ ದೇವಿ ಬ್ಯಾಡ ಅಂತಾಳೇನ್ರೀ?"

ಹಿಂದೆ ಕೂತ ಮುದುಕರೊಬ್ಬರು, ಅಪ್ಪ ಅಜ್ಜ ಎದ್ದೇ ಮುಗಿದದ್ದು, ಪರದೇಶದವನು ಹೇಳುವುದೆಂತ ಎಂದು ಸಿಡುಕಿದರು.

ನಾಗಮ್ಮ ಸೆರಗು ಬಿಗಿದುಕೊಂಡಳು. "ಎದ್ದು ಮುಗ್ದದ್ದೂ ಆತು, ನೀರಿಗೆ ಬಿದ್ದದ್ದೂ ಆತು. ಇವತ್ತು ನಾ ಕೂತೇ ಕೈ ಮುಗೀತೆ."

ಜುಮಾ ಹತ್ತಿದ. ಗುಡಿ ಕಂಡಿತು. ಸಿಡುಕಿದ್ದ ಮುದುಕರು ಅರ್ಧ ಎದ್ದರು. ದೋಣಿ ಹೊಯ್ದಾಡಿತು. ತಂಡೇಲ ಒಂದೇ ಮಾತು ಹೇಳಿದ: "ಕೂತ್ಕಣಿ ಅಜ್ಜಾ." ಅವರು ಕೂತರು. ಕೂತಲ್ಲೇ ಎಲ್ಲರೂ ಕೈ ಜೋಡಿಸಿದರು. ಅಲೆ ಬಂದು ಅಡಿಯಲ್ಲೇ ಹಾದುಹೋಯಿತು.

ಹೊನ್ನಾವರದಲ್ಲಿ ಇಳಿದ ಜುಮಾ ಬಸ್‌ಸ್ಟ್ಯಾಂಡಿಗೆ ಬರಲಿಲ್ಲ. ತಂಡೇಲನ ಜೊತೆ ಸಂಜೆಯವರೆಗೆ ಕೂತು, ಹಳೆ ಬಲೆಯ ತೇಲುವ ಬೆಂಡುಗಳನ್ನು ಹಗ್ಗಕ್ಕೆ ಪೋಣಿಸಿ ದೋಣಿಯ ಎರಡೂ ಬದಿಗೆ ಕಟ್ಟಿದ. ಬಿದ್ದವರಿಗೆ ಹಿಡಿಯಲು ಏನಾದರೂ ಇರಬೇಕು, ಊರಿನಲ್ಲೂ ಮೊದಲು ಇದನ್ನೇ ಮಾಡಿಸುತ್ತೇನೆ ಎಂದ.

ಕುಮಟೆಯ ಲಾಡ್ಜಿನಲ್ಲಿ ದೀಪ ಆರಿಸುವಾಗ, "ಪರೀಕ್ಷೆ ಯಾವಾಗಿಂದ ಐತಿ?" ಎಂದು ಕೇಳಿದ. ನಾನು ಹೇಳುವಷ್ಟರಲ್ಲಿ ಗೊರಕೆ ಹೊಡೆಯುತ್ತಿದ್ದ. ಭಾನುವಾರ ಬಿಸಿಲೇರಿ, ಲಾಡ್ಜಿನವರು ಬಾಗಿಲು ಬಡಿಯುವವರೆಗೆ ಇಬ್ಬರಿಗೂ ಎಚ್ಚರವಿರಲಿಲ್ಲ.